ಗಂಟಿಲ್ಲದ ಹಿಟ್ಟು

ಮಂಡ್ಯದಲ್ಲಿ ಹಿಟ್ಟು ಅಂದರೆ ಮುದ್ದೆ.
ಅಗಿಯುವ ಹಾಗಿಲ್ಲ, ನುಂಗಬೇಕು.
ಇಪ್ಪತ್ತಾರು ವರ್ಷ ನನ್ನ ಮೆಸ್ಸಿನಲ್ಲಿ ತೊಳಸಿದ್ದೇನೆ,
ಎರಡು ಕೋಲು ಸವೆದಿವೆ,
ಗಂಟು ಸಿಕ್ಕಿತೆಂದು ಯಾರೂ ತಟ್ಟೆ ತಳ್ಳಿಲ್ಲ.

ಮಂಚಣ್ಣ ತಳ್ಳಿದ.
"ಎದೇಲಿ ನಿಂತ್ಕತು ಕಣವ್ವ" ಅಂದ.
ನೀರು ಕುಡಿದ, ನೀರೂ ನಿಂತಿತು.
ಅವನು ಎದ್ದು ಹೋದ ಮೇಲೆ
ಆ ಮುದ್ದೆಯನ್ನು ಹಿಸುಕಿ ಹಿಸುಕಿ ನೋಡಿದೆ.

ಗಂಟು ಹಿಟ್ಟಿನಲ್ಲಿರಲಿಲ್ಲ.
ಮೈಸೂರಿನಲ್ಲಿ ಕ್ಯಾಮೆರಾ ಇಳಿಸಿ ತೋರಿಸಿದರು:
ಅನ್ನನಾಳದ ನಡುವೆ, ಪಕ್ಕದ ಗ್ರಂಥಿಗೂ ಹಬ್ಬಿ.
ಕತ್ತರಿಸುವ ಹೊತ್ತು ಮೀರಿದೆ,
ಕೀಮೋ, ಕರೆಂಟು, ಎರಡೂ ಒಟ್ಟಿಗೆ ಕೊಡೋಣ ಅಂದರು.

ಒಟ್ಟಿಗೆ ಯಾಕೆ, ಕೇಳಿದೆ ಸಿಸ್ಟರ್ ಫಿಲೋಮಿನಾಳನ್ನು.
ಔಷಧಿ ಗಂಟನ್ನ ಮೆತ್ತಗೆ ಮಾಡುತ್ತೆ,
ಆಗ ಕರೆಂಟಿಗೆ ಬೇಗ ಬಗ್ಗುತ್ತೆ ಅಂದಳು.
ಅಷ್ಟು ನನಗೆ ಗೊತ್ತು.
ಬರೀ ಬೆಂಕಿಗೆ ಹಿಟ್ಟು ಸೀಯುತ್ತದೆ,
ಬರೀ ನೀರಿಗೆ ಹಸಿ ಉಳಿಯುತ್ತದೆ.

ಸೋಮವಾರ ಬಾಟಲಿ, ವಾರಕ್ಕೈದು ದಿನ ಕರೆಂಟು.
ಬೆಳಗಿನ ಪ್ಯಾಸೆಂಜರಿನಲ್ಲಿ ಕಿಟಕಿ ಅವನಿಗೆ.
ಎದೆಯ ಮೇಲೆ ನೇರಳೆ ಶಾಯಿಯ ಗೀಟು;
ಅಳಿಸಿದರೆ ಯಂತ್ರಕ್ಕೆ ದಾರಿ ತಪ್ಪುತ್ತದೆಂದು
ದಿನಾ ನಾಕು ಕೊಡ ಸುರಿದುಕೊಳ್ಳುತ್ತಿದ್ದವನು
ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡ.

ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ
ಕಬ್ಬಿನ ಲಾರಿ ತೂಗುತ್ತಿದ್ದವನನ್ನು
ಈಗ ವಾರವಾರ ಅವರು ತೂಗಿದರು.
ಐವತ್ತೆಂಟು. ಐವತ್ತನಾಲ್ಕು. ಐವತ್ತೊಂದು.
"ಲೋಡು ಕಮ್ಮಿ ಬತ್ತಾ ಅದೆ,
ದಾರೀಲಿ ಹುಡುಗ್ರು ಎಳ್ಕತಾವ್ರೆ" ಅಂದ.
ನಕ್ಕಿದ್ದು ಅದೇ ಕೊನೆ.

ಮೂರನೇ ವಾರ ತಳ ಹಿಡಿಯಿತು.
ಗಂಟು ಬೇಯುವಾಗ ಪಾತ್ರೆಯೂ ಬೇಯುತ್ತದೆ.
ಉಗುಳು ನುಂಗಿದರೂ ಕೆಂಡ.
ಮೂಗಿನ ನಳಿಗೆಯಲ್ಲಿ ಅಂಬಲಿ ಸೋಸಿ ಸೋಸಿ ಬಿಟ್ಟೆ;
ಅಷ್ಟು ತೆಳ್ಳಗೆ ನಾನು ಏನನ್ನೂ ಬೇಯಿಸಿದವಳಲ್ಲ.
ಒಂದು ದಿನ ಯಂತ್ರ ಕೆಟ್ಟು ಸುಮ್ಮನೆ ವಾಪಸು ಬಂದೆವು,
ಅವನಿಗೆ ರಜೆ ಸಿಕ್ಕ ಖುಷಿ, ನನಗೆ ದಿಗಿಲು.

ಇಪ್ಪತ್ತೆಂಟು ಮುಗಿದವು. ನಳಿಗೆ ತೆಗೆದರು.
ಸ್ಕ್ಯಾನಿಗೆ ಇನ್ನೂ ಹತ್ತು ದಿನ.
ನಿನ್ನೆ, ಗಿರಾಕಿಗಳೆಲ್ಲ ಎದ್ದ ಮೇಲೆ,
ಒಲೆ ಪಕ್ಕ ಕೂತು ಕೈ ಚಾಚಿದ.
ಗೋಲಿಗಿಂತ ಸಣ್ಣ ಹಿಟ್ಟು,
ಬಸ್ಸಾರಿನಲ್ಲಿ ಅದ್ದಿ ಕೊಟ್ಟೆ.
ಕಣ್ಣು ಮುಚ್ಚಿದ. ಗಂಟಲು ಮೇಲೆದ್ದು ಇಳಿಯಿತು.
"ಹೋಯ್ತಾ?" ಅಂದೆ.

ಅಂಗೈ ಎತ್ತಿ ತಡೆದ,
ಲಾರಿ ತೂಕದ ಕಟ್ಟೆಯೇರಿದಾಗ
ಮುಳ್ಳಿನ ತೂಗಾಟ ನಿಲ್ಲುವ ತನಕ
ಡ್ರೈವರನ್ನು ತಡೆಯುತ್ತಿದ್ದನಲ್ಲ,
ಹಾಗೆ.