ಹೆಸರಿನ ಬಾಡಿಗೆ

ತ್ರಿಯೆಸ್ತೆಯಲ್ಲಿ ಬೋರಾ ಗಾಳಿ ಬೀಸುವ ದಿನ
ಹಿಂದೆಲ್ಲ ಬೀದಿಯುದ್ದಕ್ಕೂ ಹಗ್ಗ ಕಟ್ಟುತ್ತಿದ್ದರು,
ಹಿಡಿದು ನಡೆಯಲು.
ಅಪ್ಪ ಆ ಹಗ್ಗ ಹಿಡಿದೇ ಹೋಗುತ್ತಿದ್ದ,
ಬಗಲಲ್ಲಿ ಶ್ರುತಿಕೀಲಿಯ ಚೀಲ,
ಊರವರ ಪಿಯಾನೊಗಳನ್ನು ದಾರಿಗೆ ತರಲು.

ಆ ಚೀಲ ಈಗ ನನ್ನದು. ನೇವಿಯಾ ಕೊಚ್ಯಾಂಚಿಚ್,
ವಯಸ್ಸು ಅರವತ್ತೊಂದು, ಎಡಗಿವಿ ಬಲಗಿವಿಗಿಂತ ಚುರುಕು.

ಹನ್ನೊಂದು ವರ್ಷ ಅಪ್ಪನ ಹೆಸರಲ್ಲೇ ಡೊಮೇನ್ ಇತ್ತು.
ಮಾಡಿಕೊಟ್ಟವನು ಪಕ್ಕದ ಮುದ್ರಣಾಲಯದ ದಾವೋರಿನ್,
ಐನೂರು ವಿಸಿಟಿಂಗ್ ಕಾರ್ಡಿಗೆ ಕೊಸರು.
ಕೊಸರಿಗೆ ಯಾರು ರಸೀದಿ ಕೇಳುತ್ತಾರೆ?

ದಾವೋರಿನ್ ಅಂಗಡಿ ಮುಚ್ಚಿ ಗ್ರಾತ್ಸಿಗೆ ಹೋದ.
ಅವನ ಹಳೆಯ ಇಮೇಲಿಗೆ ಎಚ್ಚರಿಕೆಗಳು ಬಂದವು:
ಇನ್ನು ಮೂವತ್ತು ದಿನ, ಇನ್ನು ಏಳು, ಇನ್ನು ಒಂದು.
ಯಾರೂ ಇಲ್ಲದ ಮನೆಯ ಕದ ಬಡಿದು ಬಡಿದು
ಸುಮ್ಮನಾದವು.
ಮಾರ್ಚಿಯ ಒಂದು ಬೆಳಿಗ್ಗೆ ಗಿರಾಕಿಯೊಬ್ಬಳ ಫೋನು:
“ನೇವಿಯಾ, ಜೂಜಿನ ವ್ಯಾಪಾರ ಯಾವಾಗಿನಿಂದ?”
ಅಪ್ಪನ ಹೆಸರಿನಡಿ ದಾಳ ಉರುಳುತ್ತಿದ್ದವು,
ಇಸ್ಪೀಟಿನ ರಾಣಿ ಕಣ್ಣು ಹೊಡೆಯುತ್ತಿದ್ದಳು.
ಜೀವಮಾನದಲ್ಲಿ ಒಂದು ಲಾಟರಿ ಚೀಟಿ ಕೊಂಡವನಲ್ಲ ಅವನು.

ಹಳೆಯ ಕಂಪನಿಗೆ ಬರೆದೆ.
ಉತ್ತರ ಬಂತು, ಬಲು ಮರ್ಯಾದೆಯ ಉತ್ತರ:
ದಾಖಲೆಯಲ್ಲಿ ಒಡೆಯರು ತಾವಲ್ಲ.

ಸರಿ, ಹೊಸ ಹೆಸರು. ಹಳೆಯದೇ, ನಡುವೆ ಒಂದು ಅಡ್ಡಗೆರೆ,
ಮುರಿದ ಹಲ್ಲಿಗೆ ಕಟ್ಟಿದ ತಂತಿಯ ಹಾಗೆ.
ಇದನ್ನು ಯಾರ ಕೈಗೆ ಕೊಡಲಿ?

ಒಬ್ಬ ರಿಜಿಸ್ಟ್ರಾರ್ ಕೂಗಿದ: ಮೊದಲ ವರ್ಷ ಒಂದೇ ಯೂರೋ!
ಎರಡನೆಯ ವರ್ಷದ ದರ ಓದಲು ಭೂತಗನ್ನಡಿ ತಂದೆ. ಮೂವತ್ತೆಂಟು.
ಅಗ್ಗವೆಂದು ಮುಗ್ಗಲು ಜೋಳ ಕೊಳ್ಳುವ ವಯಸ್ಸು ನನ್ನದಲ್ಲ.
ಇನ್ನೊಬ್ಬನನ್ನು ಕೇಳಿದೆ, ನಾಳೆ ನಾನು ಬೇರೆ ಕಡೆ ಹೊರಟರೆ
ಹೆಸರು ಬಿಡಿಸುವ ಸಂಕೇತ ಎಷ್ಟು ದಿನಕ್ಕೆ ಕೊಡುತ್ತೀರಿ?
ಅವನು ನಮ್ಮೂರ ಹವೆ ಹೇಗಿದೆ ಎಂದು ವಿಚಾರಿಸಿದ.
ಮೂರನೆಯವರು ಇಪ್ಪತ್ತೆರಡು ನಿಮಿಷ ಕಾಯಿಸಿದರು.
ಕಾಯುವ ಕಿವಿಗೆಂದು ಪಿಯಾನೊ ಹಾಕಿದ್ದರು,
ಮೇಲಿನ ಷಡ್ಜ ಕೂದಲೆಳೆಯಷ್ಟು ಇಳಿದಿತ್ತು.
ಹೇಳೋಣವೆಂದರೆ ಆ ತುದಿಯಲ್ಲಿ ಯಾರೂ ಇಲ್ಲ.
ಇಟ್ಟೆ.

ಆಮೇಲೆ ಊದಿನೆಯ ಒಂದು ಸಣ್ಣ ಕಚೇರಿ.
ಮೂರನೇ ರಿಂಗಿಗೆ ಎತ್ತಿದಳು. ಬಾಯಲ್ಲಿ ತುತ್ತು.
ಕ್ಷಮಿಸಿ ಎಂದು ನುಂಗಿ, ಇಯೋಲೆ ಎಂದು ಹೆಸರು ಹೇಳಿದಳು.
ದರ ಕೇಳಲಿಲ್ಲ ನಾನು. ಕೇಳಿದ್ದು: ನಾನು ಸತ್ತರೆ?
ಆ ಕಡೆ ಮೌನ,
ಪೆಡಲ್ ಬಿಟ್ಟಾಗ ತಂತಿಯ ಮೇಲೆ
ಉಣ್ಣೆ ಕೂರುತ್ತದಲ್ಲ, ಅಂಥದ್ದು.
“ಗೊತ್ತಿಲ್ಲ,” ಅಂದಳು, “ಕೇಳಿ ಹೇಳುತ್ತೇನೆ.”
ಕೇಳಿ ಹೇಳುತ್ತೇನೆ ಅಂದವರನ್ನು ಎಷ್ಟು ಕಂಡಿಲ್ಲ!
ಕೋಸು ಹೆಚ್ಚಲು ಕೂತೆ.

ನಾಲ್ಕೂವರೆಗೆ ಫೋನು ಬಂತು.
ಇನ್ನೊಂದು ವಿಳಾಸ ಬರೆಸಿಡಿ, ತಂಗಿಯದೋ ಗೆಳತಿಯದೋ.
ಇಮೇಲಿಗೆ ಉತ್ತರ ಬಾರದಿದ್ದರೆ ಕಾಗದ ಹಾಕುತ್ತೇವೆ,
ಅಂಚೆ ಖರ್ಚು ನಮ್ಮದು.
ಆಮೇಲೆ ದನಿ ತಗ್ಗಿಸಿ:
“ಸಿನ್ಯೋರಾ, ಒಡೆಯರ ಜಾಗದಲ್ಲಿ ಇರುವುದು ನಿಮ್ಮದೇ ಹೆಸರಾ,
ನೀವೇ ಒಮ್ಮೆ ಓದಿ. ನನ್ನನ್ನೂ ನಂಬಬೇಡಿ.”

ಅಲ್ಲಿಗೆ ನಂಬಿದೆ.

ಓದಿದೆ. ಕೊಚ್ಯಾಂಚಿಚ್‌ನಲ್ಲಿ ಒಂದು ಅಕ್ಷರ ತಪ್ಪಿತ್ತು.
ಮತ್ತೆ ಫೋನು. ಮತ್ತೆ ಮೂರನೇ ರಿಂಗು.

ಪಿಯಾನೊದ ಒಳಮೈಯಲ್ಲಿ, ಯಾರಿಗೂ ಕಾಣದ ಕಡೆ,
ಶ್ರುತಿ ಮಾಡಿದವರು ಪೆನ್ಸಿಲಿನಲ್ಲಿ ದಿನಾಂಕ ಬರೆದಿಡುವುದುಂಟು.
ಅಂಗಡಿಯ ಹಳೆಯ ಪಿಯಾನೊದಲ್ಲಿ ಅಪ್ಪನ ಅಕ್ಷರ:
ಫೆಬ್ರುವರಿ ೧೯೬೩. ಬೋರಾ. ಬೆರಳು ಮರಗಟ್ಟಿದೆ.
ಅದರ ಕೆಳಗೆ ನಾನು ಬರೆದೆ:
ಪ್ರತಿ ಏಪ್ರಿಲ್ ಹದಿನಾಲ್ಕು. ಹೆಸರಿನ ಬಾಡಿಗೆ.
ಜಾಗ ಇನ್ನೂ ನಾಲ್ಕು ಬೆರಳಷ್ಟಿದೆ.

ದಾವೋರಿನ್‌ಗೂ ಒಂದು ಕಾರ್ಡು ಹಾಕಿದೆ.
ಬೈಯಲಿಲ್ಲ. ಗ್ರಾತ್ಸಿನಲ್ಲಿ ಗಾಳಿ ಹೇಗೆ, ಅಂದೆ.