ಐದು ರೂಪಾಯಿಯ ಕಾಲೇಜು

ನಾಸಿಕದಿಂದ ಬಂದ ಕಟ್ಟು ಬಿಚ್ಚಿದರೆ
ಒಂದೊಂದು ಹಾಳೆಯಲ್ಲಿ ನಲವತ್ತು ಕಾಲೇಜು,
ನಲವತ್ತು ಗಡಿಯಾರ, ಎಲ್ಲದರಲ್ಲೂ ಹತ್ತು ಗಂಟೆ ಹತ್ತು ನಿಮಿಷ.
ನಿಜದ ಗಡಿಯಾರ ನಾನು ಬಿ.ಎ. ಓದುವಾಗಲೇ
ನಾಲ್ಕೂಮುಕ್ಕಾಲಿಗೆ ನಿಂತಿತ್ತು.
ಪಾರಿವಾಳಗಳು ಮುಳ್ಳಿನ ಮೇಲೆ ಕೂತು ಕೂತು
ಆಮೇಲೆ ಅದನ್ನು ನಾಲ್ಕೂವರೆಗೆ ಇಳಿಸಿದವು.

ಚೀಟಿಯ ಮೇಲ್ಗಡೆ ಹಿಂದಿ, ಕೆಳಗೆ ಇಂಗ್ಲಿಷು.
ಬಾಗಿಲ ಮೇಲಿನ ಕಲ್ಲಿನಲ್ಲಿ ಕನ್ನಡ ಇದೆಯಲ್ಲ,
ಭೂತಗನ್ನಡಿ ಹಿಡಿದು ಹುಡುಕಿದೆ.
ಮೂರು ಗೆರೆ.
ಚಿತ್ರ ಬರೆದವನನ್ನು ಬೈಯಲಾರೆ:
ಸಾಸಿವೆಯಷ್ಟು ಜಾಗದಲ್ಲಿ
ಯಾವ ಭಾಷೆಯೂ ಗೆರೆಯೇ.

ಹೊರಗೆ ಪೆಂಡಾಲು, ಕಲೆಕ್ಟರು, ತೆಂಗಿನಕಾಯಿ.
ಶಾಲು ಹೊದಿಸಿದವರೇ ಹೊದಿಸಿಕೊಂಡರು.
ಒಳಗೆ ನಾನು, ಮಸಿಯ ಗಾದಿ,
‘ಅಕ್ಕಲಕೋಟ’ ಎಂದಿರುವ ಒಂದೇ ದಿನದ ಠಸ್ಸೆ.
ನಾಳೆ ಅದನ್ನು ಪೆಟ್ಟಿಗೆಯಲ್ಲಿಟ್ಟು
ಸೊಲ್ಲಾಪುರಕ್ಕೆ ಮರಳಿಸಬೇಕು.

ಹನ್ನೆರಡರ ಸುಮಾರಿಗೆ ಖಿಡಕಿಗೆ ಗದ್ದ ಊರಿ
ನೀಲಗಂಗವ್ವ ತೋಳನೂರೆ,
ಹಾಸ್ಟೆಲಿನ ಹಿಂದೆ ಮೂವತ್ತೊಂದು ವರ್ಷ
ಖಾನಾವಳಿ ನಡೆಸಿದಾಕೆ.
‘ಕಾಲೇಜಿನ ತಿಕೀಟ ಬಂದೈತಂತಲ್ಲ, ಒಂದ್ ಕೊಡು.’
ಕೊಟ್ಟೆ. ಕಣ್ಣಿಗೆ ಹತ್ತಿರ ತಂದಳು, ದೂರ ಒಯ್ದಳು.
‘ನಮ್ಮ ಒಲಿ ಎಲ್ಲೈತೋ ಇದರಾಗ?’

ಕಮಾನಿನ ಬಲಕ್ಕೆ ಬೇವಿನ ಮರ ಅರ್ಧವಾಗುವಲ್ಲಿ
ಹಲ್ಲು ಹಲ್ಲಾಗಿ ಕಾಗದ ಮುಗಿಯುತ್ತದೆ.
ಅದರಾಚೆ ಆ ತಗಡಿನ ಮಾಡು, ಆ ಹೊಗೆ,
ರೊಟ್ಟಿ ಬಡಿಯುವ ಸಪ್ಪಳಕ್ಕೆ
ಕಡೇ ಪಿರಿಯಡ್ಡಿನಲ್ಲಿ ಹಸಿಯುತ್ತಿದ್ದ ನಾವು.
ಬೆರಳಿಟ್ಟು ತೋರಿಸಿದೆ: ಇಲ್ಲಿ, ಈ ತೂತಿನಾಚೆ.
‘ಹಂಗಾರ ಬಾಜೂದ ತಿಕೀಟಿನ್ಯಾಗ ಇರಬೇಕು.’
ಬಾಜೂದರಲ್ಲೂ ಕಾಲೇಜೇ ಇತ್ತು.

ಸೆರಗಿನೊಳಗಿಂದ ಲಕೋಟೆ ತೆಗೆದಳು.
ಮೊಮ್ಮಗಳ ಕೈಬರಹ: ರೇವಣಸಿದ್ಧ ಬಿರಾಜದಾರ,
ನಿವೃತ್ತ ಮುಖ್ಯ ಇಂಜಿನಿಯರ್, ಕೋಥರೂಡ, ಪುಣೆ.
ಸ್ಮರಣ ಸಂಚಿಕೆಯಲ್ಲಿ ಬರೆದಿದ್ದಾನಂತೆ ಪುಟ ತುಂಬ,
ಆ ತಾಯಿಯ ಅನ್ನದ ಋಣ ಈ ಜನ್ಮದಲ್ಲಿ ತೀರದು ಎಂದು.
‘ಯಾಕ ತೀರೂದಿಲ್ಲ? ನಲವತ್ಮೂರು ರೂಪಾಯಿ.
ಎಪ್ಪತ್ನಾಕನೇ ಇಸ್ವಿ. ವಹಿಯ ಹಾಳೀನ ಹರದ ಇಟ್ಟೀನಿ.’

ತೂಗಿದೆ. ಹಳೆಯ ವಹಿಯ ಕಾಗದ ದಪ್ಪ,
ಇಪ್ಪತ್ತು ಗ್ರಾಂ ದಾಟಿತು. ಇನ್ನೂ ಐದು ರೂಪಾಯಿ ಬೇಕು.
ಹೇಳಲು ನಾಚಿಕೆ; ಹೇಳಿದೆ.
ಅಂಟಿಸಿರದ ಲಕೋಟೆಯಿಂದ ಹಾಳೆ ಹೊರಗೆಳೆದು
‘ಕೆಳಗ ಬರಿ’ ಅಂದಳು. ಬರೆದೆ, ಸರಕಾರಿ ಪೆನ್ನಿನಲ್ಲಿ:
ಟಪಾಲು ಖರ್ಚು ಹತ್ತು. ಒಟ್ಟು ಐವತ್ಮೂರು.
‘ಬಡ್ಡಿ?’
‘ಉಣ್ಣೂದಕ್ಕ ಯಾರರ ಬಡ್ಡಿ ಹಚ್ಚತಾರೇನೋ, ಹುಚ್ಚ.’

ಎರಡು ಕಾಲೇಜು, ಬಿಡಿಸದೆ, ಜೋಡಿಯಾಗಿಯೇ ಹಚ್ಚಿದೆ.
ಬೆಳಗಿನಿಂದ ನಾನೂರು ಹೊಡೆದ ಕೈ.
ಠಸ್ಸೆ ಎರಡರ ನಡುವೆ ಬಿತ್ತು, ಮಸಿ ಹೆಚ್ಚಾಗಿ
ಬೇವಿನ ಮರದಾಚೆ ಕಪ್ಪಗೆ ಮೇಲೆ ಹರಡಿತು.
ಚೀಟಿ ಕೂಡಿಡುವವರಾದರೆ ಮೋರೆಗೆ ಎಸೆಯುತ್ತಿದ್ದರು.
ಈಕೆ ಬಹಳ ಹೊತ್ತು ಅದನ್ನೇ ನೋಡಿ,
‘ಪಾವತಿ ಕೊಡಂಗಿಲ್ಲೇನು?’ ಅಂದಳು.
ಸಾದಾ ಟಪಾಲಿಗೆ ಪಾವತಿ ಇರುವುದಿಲ್ಲ ಅವ್ವ, ಅಂದೆ.