ಕೊಕ್ಕೆಯ ಎತ್ತರ

ಬೈಪಾಸಿಗೆ ಬೆನ್ನು ಹಾಕಿ ಕೂತ ನಮ್ಮ ಕುಶಾಲನಗರದ ಅಂಗಡಿಯಲ್ಲಿ
ಕೆಂಪು ಸಿಲಿಂಡರುಗಳು ಬಾಯಿ ತೆರೆದು ಸಾಲಾಗಿ ನಿಂತಿರುತ್ತವೆ,
ಹಲ್ಲಿನ ಡಾಕ್ಟರ ಮುಂದೆ ಕೂತವರ ಹಾಗೆ.
ಮೊಯ್ದು ಕಾಕ ಒಂದೊಂದರ ಗಂಟಲಿಗೂ ಟಾರ್ಚು ಬಿಟ್ಟು ನೋಡುತ್ತಾರೆ.
ನಾನು ತೂಕದ ಪುಸ್ತಕ ಬರೆಯುವವಳು.

ಮೊದಲ ವಾರ ಅವರು ಕಲಿಸಿದ್ದು ಬೆಂಕಿಯ ವಿಷಯ ಅಲ್ಲ,
ಬಕೆಟ್ಟಿನ ವಿಷಯ.
ಗೋಡೆಗೆ ತೂಗುಹಾಕುವ ಕೆಂಪು ಬಕೆಟ್ಟಿನ ತಳ
ಯಾಕೆ ಉರುಟು, ಹೇಳು?
ನನಗೆ ಗೊತ್ತಿರಲಿಲ್ಲ.
ಚಪ್ಪಟೆ ಇದ್ದಿದ್ದರೆ ಒಬ್ಬ ಗಾರೆಗೆ ಒಯ್ಯುತ್ತಿದ್ದ,
ಒಬ್ಬಳು ಹಂದಿಗೂಡಿಗೆ ನೀರು.
ಬೆಂಕಿ ಬಂದ ದಿನ ಕೊಕ್ಕೆ ಮಾತ್ರ ಇರುತ್ತಿತ್ತು.
ನೆಲಕ್ಕಿಟ್ಟರೆ ಉರುಳಬೇಕು, ಅದೇ ಅದರ ಬುದ್ಧಿ.
ಮಾಡಿದವನಿಗೆ ನಮ್ಮ ಪರಿಚಯ ಚೆನ್ನಾಗಿಯೇ ಇತ್ತು, ಅಂದರು.

ಕಪಾಟಿನ ಮೇಲೆ ಒಂದು ಹಿತ್ತಾಳೆ ಶಂಕು,
ಪಾಲಿಬೆಟ್ಟದ ಯಾವುದೋ ಬಂಗಲೆಯಿಂದ ಗುಜರಿಗೆ ಬಂದದ್ದು.
ಒಳಗೆ ಸೋಡಾ ನೀರು, ನಡುವೆ ಗಾಜಿನ ಬುಡ್ಡಿಯಲ್ಲಿ ಆಸಿಡ್.
ತಲೆಯ ಗುಂಡಿಗೆ ಗುದ್ದಿದರೆ ಬುಡ್ಡಿ ಒಡೆದು
ಎರಡೂ ಕಲೆತು ಉಕ್ಕಿ ಹೊರಗೆ.
ಹಳೇ ಸಾಹೇಬರ ಸಿಟ್ಟು ಅದು,
ಶುರುವಾದರೆ ಮುಗಿಯುವ ತನಕ ನಿಲ್ಲಿಸಲಿಕ್ಕಿಲ್ಲ.
ಈಗಿನದು ಹಿಡಿ ಬಿಟ್ಟರೆ ಸುಮ್ಮನಾಗುತ್ತದೆ,
ಎಷ್ಟು ಬೇಕೋ ಅಷ್ಟೇ ಬಯ್ದು.

ಕಕ್ಕಡ ಬಂತೆಂದರೆ ಪುಡಿ ತುಂಬುವ ಕೋಣೆಗೆ ಹೀಟರು,
ಬಾಗಿಲ ಸಂದಿಗೆ ಗೋಣಿ.
ಒದ್ದೆ ಕೊಡೆ ಹಿಡಿದು ಹೊಸಿಲು ದಾಟಿದವರಿಗೆ
ಮಲಯಾಳದಲ್ಲೇ ಬೈಗುಳ.
ಪುಡಿಗೆ ತೇವ ಆಗದು. ಸುಮ್ಮನೆ ನಿಲ್ಲುವುದೂ ಆಗದು,
ವರ್ಷಗಟ್ಟಲೆ ನಿಂತರೆ ತಳದಲ್ಲಿ ಕೂತು ಹೆಪ್ಪುಗಟ್ಟುತ್ತದೆ.
ಮುಳ್ಳು ಹಸುರಿನಲ್ಲೇ ಇರುತ್ತದೆ, ಒಳಗೆ ಕಲ್ಲು.
ಅದಕ್ಕೇ ಕಾಕ ತಲೆಕೆಳಗು ಮಾಡಿ, ಕಿವಿಯಿಟ್ಟು,
ಹಾಲು ಕುಡಿದ ಮಗುವಿನ ಬೆನ್ನಿಗೆ ತಟ್ಟುವಂತೆ ತಟ್ಟುತ್ತಾರೆ.
ಮರಳು ಜಾರಿದ ಸದ್ದು ಕೇಳಿದ ಮೇಲೆಯೇ
ನನ್ನ ಕಡೆ ನೋಡುತ್ತಾರೆ: ಬರಿ.

ಫೆಬ್ರವರಿಯಲ್ಲಿ ಕೂಡ್ಲೂರಿನ ಕಾಫಿ ಕ್ಯೂರಿಂಗಿನಲ್ಲಿ
ಮೋಟರಿನ ಕಿಡಿ ಹೊಟ್ಟಿನ ರಾಶಿಗೆ ಬಿತ್ತು.
ಹತ್ತಿರ ಇದ್ದವಳು ರೋಸ್ಲಿನ್, ಬೇಳೆ ಆರಿಸುವವಳು.
ಕೈ ಎತ್ತಿದಳು.
ಸಿಲಿಂಡರಿನ ತಳಕ್ಕೆ ಬೆರಳ ತುದಿ ತಾಗಿತು, ಅಷ್ಟೇ.
ಮೂಟೆ ಎಳೆದು, ಹತ್ತಿ, ಎಬ್ಬಿಸಿ ತೆಗೆಯುವಾಗ
ಒಂಬತ್ತು ಕಿಲೋ ಅವಳ ಕಾಲ ಮೇಲೆ.
ಹೆಬ್ಬೆರಳು ಮುರಿದ ಕಾಲಲ್ಲೇ ಪಿನ್ ಎಳೆದು
ಬುಡಕ್ಕೆ ಹಿಡಿದಳಂತೆ, ಚಿತ್ರದಲ್ಲಿ ತೋರಿಸಿದ ಹಾಗೆ.
ಹನ್ನೊಂದು ಸೆಕೆಂಡು.
ಎಲ್ಲ ಬೆಳ್ಳಗೆ.

ನಿಮ್ಮ ಸಿಲಿಂಡರು ಬಾರೀ ಒಳ್ಳೇದು ಕಾಕಾ, ಅಂದರು ಮ್ಯಾನೇಜರು ಪೆಮ್ಮಯ್ಯ,
ಚಾ ತರಿಸಿದರು.
ಕಾಕ ಚಾ ಮುಟ್ಟಲಿಲ್ಲ. ಗೋಡೆ ನೋಡುತ್ತಿದ್ದರು.
ಇಲ್ಲಿ ಡ್ರಿಲ್ ಹೊಡೆದದ್ದು ಯಾರು?
ನೀವೇ ಅಲ್ಲವಾ, ಎಂಟು ವರ್ಷ ಆಯಿತು.
ಗೋಡೆಗೆ ಒರಗಿ ನಿಂತರು ಕಾಕ.
ಕೊಕ್ಕೆ ಸರಿಯಾಗಿ ಅವರ ಎದೆಗೆ ಬಂತು.
ಆರಡಿ ಮನುಷ್ಯ.

ಆಮೇಲೆ ಒಂದೂವರೆ ತಿಂಗಳು
ಹಳೇ ಬಿಲ್ಲುಗಳ ಕಟ್ಟು ಹಿಡಿದು ಊರೂರು ಸುತ್ತಿದೆವು.
ಸಿದ್ದಾಪುರದ ಶಾಲೆ, ವಿರಾಜಪೇಟೆಯ ನರ್ಸಿಂಗ್ ಹೋಮು,
ಸುಂಟಿಕೊಪ್ಪದ ಪೆಟ್ರೋಲ್ ಬಂಕು.
ಯಾರೂ ಕರೆದಿರಲಿಲ್ಲ, ಯಾರಿಗೂ ಬಿಲ್ಲಿಲ್ಲ.
ನನ್ನನ್ನು ಗೋಡೆಗೆ ನಿಲ್ಲಿಸಿ
ಕೈ ಚಾಚು, ಇನ್ನೂ ಸಡಿಲ, ಭುಜ ಎತ್ತಬೇಡ ಅಂದು
ಅಂಗೈ ತಾಗಿದಲ್ಲಿ ಪೆನ್ಸಿಲ್ ಗುರುತು.
ನಾನು ನಾಲ್ಕು ಅಡಿ ಹತ್ತು ಇಂಚು.
ಕುಳ್ಳಿ ಅಂತ ಕರೆಸಿಕೊಂಡೇ ಬೆಳೆದವಳು.
ಜಿಲ್ಲೆಯ ಇಪ್ಪತ್ತೇಳು ಗೋಡೆಗಳ ಮೇಲೆ
ಈಗ ನನ್ನ ಅಳತೆ ಇದೆ.

ಮೊನ್ನೆ ಕೂಡ್ಲೂರಿಗೆ ತಪಾಸಣೆಗೆ ಹೋದಾಗ
ರೋಸ್ಲಿನ್ ಹೊಸ ಚಪ್ಪಲಿಯಲ್ಲಿ, ಸ್ವಲ್ಪ ಕುಂಟುತ್ತ ಬಂದಳು.
ಸಿಲಿಂಡರು ಇಳಿಸಿ, ತಟ್ಟಿ, ಮತ್ತೆ ತೂಗುಹಾಕಿ ತೋರಿಸಿದಳು.
ಮೇಲಿನ ಹಳೇ ಕೊಕ್ಕೆ ಕೀಳುವುದು
ನಮಗೆ ಮರೆತಿತ್ತು.
ಅದರಲ್ಲಿ ಯಾರದೋ ಹೆಲ್ಮೆಟ್ಟು,
ಹೆಲ್ಮೆಟ್ಟಿನೊಳಗೆ ಊಟದ ಡಬ್ಬಿ.